ಗಡಿಗೆರೆಯಂಚಿನ ಗುಹೆಯಲ್ಲಿ ಇಪ್ಪತ್ತೆರಡು ವರ್ಷ: ಇಪಿಯ ಫಕೀರನ ಜೀವನಗಾಥೆ

ಎರಡನೆಯ ಮಹಾಯುದ್ಧ ಆರಂಭವಾಗುವುದಕ್ಕೆ ಎರಡು ವರ್ಷ ಮುಂಚೆ, 1937ರಲ್ಲಿ, ಬ್ರಿಟಿಷ್ ಇಂಡಿಯಾದ ಸುಮಾರು 40 ಸಾವಿರ ಸೈನಿಕರು ವಜೀರಿಸ್ತಾನವೆಂಬ ಬರಡು ಗುಡ್ಡನಾಡಿನಲ್ಲಿ ಬೀಡುಬಿಟ್ಟಿದ್ದರು. ಅವರ ಜೊತೆಗೆ ಫಿರಂಗಿಗಳಿದ್ದವು, ಕವಚವಾಹನಗಳಿದ್ದವು, ತಲೆಯ ಮೇಲೆ ವಿಮಾನಗಳು ಹಾರಾಡುತ್ತಿದ್ದವು. ಇಷ್ಟೆಲ್ಲ ಸಿದ್ಧತೆ ನಡೆದದ್ದು ಯಾವುದೋ ಪರರಾಜ್ಯದ ಸೈನ್ಯವನ್ನು ಎದುರಿಸಲಿಕ್ಕಲ್ಲ. ಹಳ್ಳಿಯೊಂದರ ಧಾರ್ಮಿಕ ಗುರುವನ್ನು ಹಿಡಿಯಲಿಕ್ಕೆ. ಆತನ ಹೆಸರು ಹಾಜಿ ಮಿರ್ಜಾ ಅಲಿ ಖಾನ್. ಜಗತ್ತು ಆತನನ್ನು ಅರಿತದ್ದು ಆತ ನೆಲೆಸಿದ್ದ ಪುಟ್ಟ ಗ್ರಾಮದ ಹೆಸರಿನಿಂದ: ಇಪಿಯ ಫಕೀರ.

ಹತ್ತು ವರ್ಷಗಳ ಹುಡುಕಾಟದ ಬಳಿಕವೂ ಬ್ರಿಟಿಷರಿಗೆ ಆತ ಸಿಗಲಿಲ್ಲ. 1947ರಲ್ಲಿ ಅವರು ಗಂಟುಮೂಟೆ ಕಟ್ಟಿಕೊಂಡು ಹೊರಟಾಗ ಫಕೀರ ತನ್ನ ಗುಹೆಯಲ್ಲಿಯೇ ಇದ್ದ. ಆ ನಂತರ ಬಂದ ಪಾಕಿಸ್ತಾನ ಸರಕಾರವನ್ನೂ ಆತ ಒಪ್ಪಲಿಲ್ಲ. ಈ ಅಸಾಧಾರಣ ಬದುಕಿನ ಹಿಂದಿನ ಗುಟ್ಟೇನು? ಅದಕ್ಕಾಗಿ ಅಂದಿನ ಹಳ್ಳಿಗರು ತೆತ್ತ ಬೆಲೆಯೆಷ್ಟು? ಆ ಗಡಿನಾಡಿನ ಹೆಸರು ಇಂದಿಗೂ ಸುದ್ದಿಯಲ್ಲಿರುವುದರಿಂದ ಈ ಪ್ರಶ್ನೆಗಳು ಹಳೆಯವಾಗಿಲ್ಲ.

ಗೆರೆ ಎಳೆದವರು, ಗೆರೆಯ ಮೇಲೆ ಬಾಳಿದವರು

ಫಕೀರನ ಕಥೆಗೆ ಮುನ್ನ ಆತ ಹುಟ್ಟಿದ ನೆಲದ ಕಥೆಯನ್ನು ಹೇಳಬೇಕು. 1893ರ ನವೆಂಬರ್ 12ರಂದು ಕಾಬೂಲಿನಲ್ಲಿ ಅಫ್ಘಾನಿಸ್ತಾನದ ಅಮೀರ ಅಬ್ದುರ್ ರಹಮಾನ್ ಖಾನ್ ಮತ್ತು ಬ್ರಿಟಿಷ್ ಇಂಡಿಯಾದ ವಿದೇಶಾಂಗ ಕಾರ್ಯದರ್ಶಿ ಸರ್ ಮಾರ್ಟಿಮರ್ ಡ್ಯೂರಾಂಡ್ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಅದರಂತೆ ಎಳೆಯಲಾದ, 2,600 ಕಿಲೋಮೀಟರಿಗೂ ಉದ್ದದ ಗೆರೆಯೇ ಡ್ಯೂರಾಂಡ್ ರೇಖೆ. ಪಶ್ತೂನರ ನಾಡನ್ನು ಅದು ನಡುವೆ ಸೀಳಿತು. ಒಂದೇ ಕುಲದ ಅಣ್ಣತಮ್ಮಂದಿರ ಮನೆಗಳು ಎರಡು ರಾಜ್ಯಗಳ ಪಾಲಾದವು. ಕುರಿಮಂದೆ ಮೇಯುವ ಗುಡ್ಡ ಒಂದು ಕಡೆ, ನೀರು ಕುಡಿಯುವ ಹಳ್ಳ ಇನ್ನೊಂದು ಕಡೆಯಾಯಿತು. ಗಡಿಗಲ್ಲು ನೆಡಲು ಬಂದವರ ರಕ್ಷಣೆಗಿದ್ದ ಸೈನ್ಯದ ಮೇಲೆ 1894ರಲ್ಲಿ ವಾನಾ ಎಂಬಲ್ಲಿ ಮುಲ್ಲಾ ಪೊವಿಂದಾನ ನಾಯಕತ್ವದಲ್ಲಿ ಗುಡ್ಡಗಾಡಿನವರು ದಾಳಿ ಮಾಡಿದ್ದರು. ಹೀಗೆ ಗೆರೆ ಮೂಡುವ ಮೊದಲೇ ಅದಕ್ಕೆ ವಿರೋಧ ಹುಟ್ಟಿತ್ತು.

ವಜೀರರ ಹಳ್ಳಿಯೆಂದರೆ ಎತ್ತರದ ಮಣ್ಣಿನ ಗೋಡೆಗಳ ಒಳಗೆ ಒತ್ತಾಗಿ ಕಟ್ಟಿದ ಚಪ್ಪಟೆ ಮಾಳಿಗೆಯ ಮನೆಗಳು. ಮೂಲೆಯಲ್ಲೊಂದು ಕಾವಲು ಗೋಪುರ. ಊರಿನ ಗಂಡಸರೆಲ್ಲ ಸೇರುವ, ದಾರಿಹೋಕನಿಗೆ ಊಟ ಹಾಸಿಗೆ ಸಿಗುವ ಅತಿಥಿಗೃಹಕ್ಕೆ ಹುಜ್ರಾ ಎಂದು ಹೆಸರು. ವ್ಯಾಜ್ಯಗಳು ತೀರ್ಮಾನವಾಗುವುದು ಹಿರಿಯರ ಸಭೆಯಾದ ಜಿರ್ಗಾದಲ್ಲಿ; ನಮ್ಮ ಹಳ್ಳಿಗಳ ಪಂಚಾಯಿತಿ ಕಟ್ಟೆಯನ್ನು ನೆನಪಿಸುವ ಪದ್ಧತಿಯದು. ಹಳ್ಳದ ದಂಡೆಯಲ್ಲಿ ಸಿಕ್ಕಷ್ಟು ಮಣ್ಣನ್ನು ಹದಗೊಳಿಸಿ ಗೋಧಿ, ಜೋಳ ಬೆಳೆಯುವರು. ಕುರಿ ಮೇಕೆಗಳೇ ಮುಖ್ಯ ಸಂಪತ್ತು. ಕುಳ್ಳ ತಾಳೆಯ ಗರಿಗಳಿಂದ ಚಾಪೆ, ಹಗ್ಗ, ಕೊನೆಗೆ ಕಾಲಿನ ಜೋಡು ಕೂಡ ತಯಾರಾಗುತ್ತಿತ್ತು. ನೀರು ಹೊರುವ, ಸೌದೆ ತರುವ ಭಾರವೆಲ್ಲ ಹೆಂಗಸರ ತಲೆಯ ಮೇಲೆ. ಚಳಿಗಾಲ ಬಂದಾಗ ಅನೇಕ ಕುಟುಂಬಗಳು ಮಂದೆಯೊಡನೆ ಕೆಳಗಿನ ಬನ್ನು ಬಯಲಿಗೆ ಇಳಿಯುತ್ತಿದ್ದವು.

ಈ ಹಳ್ಳಿಗಳಿಗೆ ಬರೆಯದ ಕಾನೂನೊಂದಿತ್ತು. ಪಶ್ತೂನ್‌ವಾಲಿ ಎಂದು ಅದಕ್ಕೆ ಹೆಸರು. ಮನೆಗೆ ಬಂದವನನ್ನು ಸತ್ಕರಿಸಬೇಕು, ಶರಣು ಬಂದವನನ್ನು ಪ್ರಾಣ ಕೊಟ್ಟಾದರೂ ಕಾಯಬೇಕು, ಅವಮಾನಕ್ಕೆ ಪ್ರತೀಕಾರ ತೀರಿಸಬೇಕು. ಬ್ರಿಟಿಷರು ಇಲ್ಲಿಗೆ ತಂದ ಕಾನೂನೇ ಬೇರೆ. 1901ರ ಗಡಿನಾಡು ಅಪರಾಧ ನಿಯಮಾವಳಿಯ ಪ್ರಕಾರ ಒಬ್ಬನ ತಪ್ಪಿಗೆ ಇಡೀ ಕುಲವನ್ನೇ ಹೊಣೆಯಾಗಿಸಿ ದಂಡ ವಿಧಿಸಬಹುದಿತ್ತು. ಮಲಿಕರೆಂಬ ಮುಖಂಡರಿಗೆ ಸರಕಾರ ಭತ್ಯೆ ಕೊಟ್ಟು ಅವರ ಮೂಲಕ ಜನರನ್ನು ಹತೋಟಿಯಲ್ಲಿಡುತ್ತಿತ್ತು. ಈ ಎರಡು ಕಾನೂನುಗಳ ನಡುವಿನ ಬಿರುಕಿನಲ್ಲಿಯೇ ಇಪಿಯ ಫಕೀರನ ಬದುಕು ರೂಪುಗೊಂಡಿತು.

ಜಪತಪದ ಮನುಷ್ಯ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಉತ್ತರ ವಜೀರಿಸ್ತಾನದ ಟೋಚಿ ಕಣಿವೆಯ ಆಸುಪಾಸಿನಲ್ಲಿ ಮಿರ್ಜಾ ಅಲಿ ಖಾನ್ ಜನಿಸಿದ. ತಂದೆಯ ಹೆಸರು ಅರ್ಸಲಾ ಖಾನ್. ಉತ್ಮಾನ್‌ಜೈ ವಜೀರರ ತೋರಿ ಖೇಲ್ ಶಾಖೆಗೆ ಸೇರಿದ ಮನೆತನ. ಬಾಲ್ಯದಲ್ಲಿಯೇ ಧಾರ್ಮಿಕ ವಿದ್ಯೆಯತ್ತ ಒಲಿದ ಆತ ಬನ್ನು ಸೀಮೆಯಲ್ಲಿ ಓದಿ, ಬಳಿಕ ಗಡಿಯಾಚೆ ಜಲಾಲಾಬಾದಿನ ಬಳಿಯ ಚಾರ್‌ಬಾಗಿನ ಸೂಫಿ ಗುರುವೊಬ್ಬರ ಶಿಷ್ಯನಾಗಿ ಖಾದಿರಿ ಪಂಥದ ದೀಕ್ಷೆ ಪಡೆದ. ಓದಿಗಾಗಿ ಗೆರೆ ದಾಟುವುದು ಆ ಕಾಲದ ವಜೀರರಿಗೆ ಪಕ್ಕದ ಊರಿಗೆ ಹೋದಷ್ಟೇ ಸಹಜವಾಗಿತ್ತು.

1923ರಲ್ಲಿ ಮೆಕ್ಕಾ ಯಾತ್ರೆ ಮುಗಿಸಿ ಬಂದ ಆತ ಮೀರ್ ಅಲಿ ಪಟ್ಟಣದ ಸಮೀಪದ ಇಪಿಯಲ್ಲಿ ನೆಲೆಗೊಂಡ. ಮುಂದಿನ ಹನ್ನೆರಡು ಹದಿಮೂರು ವರ್ಷಗಳ ಕಾಲ ಸರಕಾರಿ ಕಡತಗಳಿಗೆ ಆತ ಲೆಕ್ಕಕ್ಕಿಲ್ಲದ ಮನುಷ್ಯ. ಪ್ರಾರ್ಥನೆ, ಉಪವಾಸ, ಬಂದವರಿಗೆ ಹಿತವಚನ, ಕುಲಗಳ ನಡುವಿನ ಜಗಳಗಳ ಪರಿಹಾರ, ಇಷ್ಟೇ ಆತನ ದಿನಚರಿ. ಮಿತಾಹಾರಿ, ಮಿತಭಾಷಿ. ಇಂಥವನೊಬ್ಬ ಸಾಮ್ರಾಜ್ಯದ ನಿದ್ದೆ ಕೆಡಿಸುತ್ತಾನೆಂದು ಯಾರೂ ಎಣಿಸಿರಲಿಲ್ಲ.

ಬನ್ನುವಿನ ಮೊಕದ್ದಮೆ

1936ರ ವಸಂತದಲ್ಲಿ ಬನ್ನು ಪ್ರದೇಶದ ಹಿಂದೂ ಹುಡುಗಿಯೊಬ್ಬಳು ಮತಾಂತರಗೊಂಡು ಮುಸ್ಲಿಂ ಯುವಕನೊಬ್ಬನನ್ನು ಮದುವೆಯಾದಳೆಂಬ ಸುದ್ದಿ ಹಬ್ಬಿತು. ಇದು ಅಪಹರಣವೆಂದು ಹುಡುಗಿಯ ಮನೆಯವರು ದೂರು ಕೊಟ್ಟರು. ಚರಿತ್ರೆಯ ಪುಸ್ತಕಗಳಲ್ಲಿ ಇಸ್ಲಾಂ ಬೀಬಿ ಪ್ರಕರಣವೆಂದು ಹೆಸರಾದ ಮೊಕದ್ದಮೆಯಿದು. ಹುಡುಗಿ ಅಪ್ರಾಪ್ತ ವಯಸ್ಕಳೆಂಬ ಕಾರಣದಿಂದ ಆಕೆಯನ್ನು ಗಂಡನ ಸುಪರ್ದಿಗೆ ಕೊಡಲು ನ್ಯಾಯಾಲಯ ಒಪ್ಪಲಿಲ್ಲ; ಕೊನೆಗೆ ಆಕೆ ತಾಯಿಯ ಬಳಿಗೆ ಮರಳಿದಳು. ಮಗಳನ್ನು ಕಳೆದುಕೊಂಡ ತಾಯಿಯ ಸಂಕಟ ಒಂದು ಕಡೆ; ತಮ್ಮ ಧರ್ಮದಲ್ಲಿ ಪರಕೀಯ ಸರಕಾರ ಕೈಹಾಕಿತೆಂಬ ಗುಡ್ಡಗಾಡಿನವರ ಆಕ್ರೋಶ ಇನ್ನೊಂದು ಕಡೆ. ಇವೆರಡರ ನಡುವೆ ಆ ಹುಡುಗಿಯ ಮನಸ್ಸಿನಲ್ಲಿ ಏನಿತ್ತೆಂಬುದು ಗದ್ದಲದಲ್ಲಿ ಮುಳುಗಿಹೋಯಿತು.

ಅಲ್ಲಿಯವರೆಗೆ ಮೌನವಾಗಿದ್ದ ಫಕೀರ ಈಗ ಬಾಯಿ ತೆರೆದ. ಹುಡುಗಿಯನ್ನು ಹಿಂದಿರುಗಿಸಬೇಕು, ಧರ್ಮದ ವಿಷಯದಲ್ಲಿ ಸರಕಾರ ತಲೆಹಾಕಬಾರದು ಎಂದು ಆಗ್ರಹಿಸಿ ಇಪಿಯನ್ನು ಬಿಟ್ಟು ದಕ್ಷಿಣದ ಖೈಸೋರಾ ಕಣಿವೆಯತ್ತ ಸರಿದ. ಕುಲಭೇದ ಮರೆತು ಜನ ಆತನ ಬಳಿಗೆ ಬರತೊಡಗಿದರು. ಆತನನ್ನು ಹೊರಹಾಕಬೇಕೆಂದು ತೋರಿ ಖೇಲರಿಗೆ ಸರಕಾರ ಆಜ್ಞಾಪಿಸಿತು. ಆದರೆ ಶರಣು ಬಂದ ಧರ್ಮಗುರುವನ್ನು ಒಪ್ಪಿಸುವುದು ಪಶ್ತೂನರ ಪಾಲಿಗೆ ಮರ್ಯಾದೆಗೇಡು. ಭತ್ಯೆ ಪಡೆಯುತ್ತಿದ್ದ ಮಲಿಕರ ಮಾತು ನಡೆಯಲಿಲ್ಲ.

ಕಣಿವೆಯಲ್ಲಿ ಸರಕಾರದ ಶಕ್ತಿಯನ್ನು ಪ್ರದರ್ಶಿಸಿ ಬರುವ ಉದ್ದೇಶದಿಂದ 1936ರ ನವೆಂಬರ್ 25ರಂದು ರಜ್ಮಕ್ ಮತ್ತು ಮೀರ್ ಅಲಿ ಕಡೆಗಳಿಂದ ಎರಡು ಸೇನಾ ತುಕಡಿಗಳು ಹೊರಟವು. ಹೆಚ್ಚಿನ ಪ್ರತಿರೋಧವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಗುಡ್ಡದ ನೆತ್ತಿಗಳಿಂದ ಗುಂಡಿನ ಸುರಿಮಳೆಯಾಯಿತು. ಸಾವುನೋವುಗಳನ್ನು ಹೊತ್ತು ತುಕಡಿಗಳು ಮರಳಬೇಕಾಯಿತು. ಹಳ್ಳಿಯ ಗುರು ಅಂದಿನಿಂದ ಇಡೀ ಗುಡ್ಡನಾಡಿನ ನಾಯಕನಾದ.

ಆಕಾಶದಿಂದ ಬಂದ ಶಿಕ್ಷೆ

1937ರ ಏಪ್ರಿಲಿನಲ್ಲಿ ವಾನಾಕ್ಕೆ ಹೋಗುತ್ತಿದ್ದ ಸೇನಾ ವಾಹನಗಳ ಸಾಲೊಂದನ್ನು ಶಹೂರ್ ತಂಗಿ ಎಂಬ ಇಕ್ಕಟ್ಟಾದ ಕಮರಿಯಲ್ಲಿ ಮೆಹಸೂದ್ ಕುಲದವರು ಅಡ್ಡಗಟ್ಟಿ ಅನೇಕರನ್ನು ಕೊಂದರು. ಮೇ ತಿಂಗಳಲ್ಲಿ ಬ್ರಿಟಿಷರು ಕತ್ತಲಲ್ಲಿ ಗುಡ್ಡವೇರಿ ಶಕ್ತು ಕಣಿವೆಯಲ್ಲಿದ್ದ ಫಕೀರನ ನೆಲೆಯಾದ ಅರ್ಸಲ್ ಕೋಟ್ ಅನ್ನು ಮುತ್ತಿ ನಾಶಮಾಡಿದರು. ಅಷ್ಟರಲ್ಲಿ ಹಕ್ಕಿ ಹಾರಿಹೋಗಿತ್ತು.

ನೆಲದ ಮೇಲೆ ಸಿಗದವನನ್ನು ಆಕಾಶದಿಂದ ಶಿಕ್ಷಿಸುವ ಕಾರ್ಯ ನಡೆದೇ ಇತ್ತು. ಅದರ ಕ್ರಮ ಹೀಗಿತ್ತು. ಮೊದಲು ವಿಮಾನದಿಂದ ಎಚ್ಚರಿಕೆಯ ಕರಪತ್ರಗಳನ್ನು ಉದುರಿಸುವುದು. ಇಂತಿಷ್ಟು ದಿನಗಳೊಳಗೆ ಊರು ಬಿಡಬೇಕು, ಇಲ್ಲವೇ ಬಂಡುಕೋರರನ್ನು ಹೊರಹಾಕಬೇಕು. ಗಡುವು ಮುಗಿದ ಮೇಲೆ ಬಾಂಬು. ಆಮೇಲೂ ವಿಮಾನಗಳು ಸುತ್ತುತ್ತಲೇ ಇರುತ್ತಿದ್ದವು. ಯಾರೂ ಹೊಲಕ್ಕಿಳಿಯುವಂತಿಲ್ಲ, ಮಂದೆ ಮೇಯಿಸುವಂತಿಲ್ಲ. ಕುಟುಂಬಗಳು ಮಕ್ಕಳು ಮರಿಗಳೊಡನೆ ಗುಹೆಗಳಿಗೆ ಸೇರಿಕೊಂಡವು. ಹಗಲೆಲ್ಲ ಒಳಗಿದ್ದು ರಾತ್ರಿ ಹೊಲದ ಕೆಲಸ ಮಾಡಬೇಕಾಯಿತು. ಸೈನ್ಯ ಕಳಿಸುವುದಕ್ಕಿಂತ ಇದು ಅಗ್ಗದ ವಿಧಾನ, ಮೊದಲೇ ಎಚ್ಚರಿಸುವುದರಿಂದ ಮಾನವೀಯವೂ ಹೌದು ಎಂಬುದು ಅಧಿಕಾರಿಗಳ ವಾದವಾಗಿತ್ತು. ಮನೆ ಬಿದ್ದವರಿಗೆ, ಪೈರು ಒಣಗಿದವರಿಗೆ ಈ ವಾದ ಅರ್ಥವಾಗುವುದು ಕಷ್ಟ.

ಅವರಿಗೆ ಅರ್ಥವಾದದ್ದು ಪವಾಡದ ಕಥೆಗಳು. ಫಕೀರ ಮುಟ್ಟಿದರೆ ಬಡಿಗೆ ಬಂದೂಕಾಗುತ್ತದೆ, ಬಟ್ಟೆ ಮುಚ್ಚಿದ ರೊಟ್ಟಿಯ ಬುಟ್ಟಿ ಬರಿದಾಗುವುದಿಲ್ಲ, ಆತನ ಮಂತ್ರಕ್ಕೆ ಬಾಂಬುಗಳು ಕಾಗದವಾಗುತ್ತವೆ ಎಂದು ಜನ ನಂಬಿದರು. ಕೊನೆಯ ನಂಬಿಕೆಗಂತೂ ಕಣ್ಣೆದುರಿನ ಸಾಕ್ಷ್ಯವೇ ಇತ್ತು: ವಿಮಾನಗಳಿಂದ ಮೊದಲು ಬೀಳುತ್ತಿದ್ದುದು ಕಾಗದವೇ ತಾನೆ!

ಬನ್ನುವಿನ ಬಯಲಿನಲ್ಲಿ ನೊಂದವರು

ಫಕೀರನ ಬದುಕನ್ನು ವೀರಗಾಥೆಯಾಗಿ ಮಾತ್ರ ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಗುಡ್ಡದಿಂದಿಳಿದ ತಂಡಗಳು ಬಯಲಿನ ಊರುಗಳಲ್ಲಿ ಲೂಟಿ ನಡೆಸಿ, ಒತ್ತೆಹಣಕ್ಕಾಗಿ ಹಿಂದೂಗಳನ್ನು ಎಳೆದೊಯ್ಯುತ್ತಿದ್ದವು. 1938ರ ಜುಲೈನಲ್ಲಿ ಬನ್ನು ಪಟ್ಟಣಕ್ಕೇ ನುಗ್ಗಿದ ತಂಡ ಅಂಗಡಿಗಳಿಗೆ ಬೆಂಕಿಯಿಟ್ಟು ಜನರನ್ನು ಕೊಂದಿತು. ಅದೇ ವರ್ಷದ ಶರತ್ಕಾಲದಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರೊಡನೆ ಗಡಿಪ್ರಾಂತದ ಪ್ರವಾಸ ಕೈಗೊಂಡಿದ್ದ ಗಾಂಧೀಜಿ ಬನ್ನುವಿಗೆ ಬಂದು ಈ ದಾಳಿಯ ಸಂತ್ರಸ್ತರ ಅಳಲನ್ನು ಕೇಳಿದರು. ದೇಶವಿಭಜನೆಯ ವೇಳೆಗೆ ಬನ್ನುವಿನ ಹಿಂದೂ ಸಿಖ್ಖರು ಊರು ತೊರೆದರು. ಅವರಲ್ಲಿ ಅನೇಕರು ದೆಹಲಿಯ ಬಳಿ ಗಡಿಪ್ರಾಂತದ ನಿರಾಶ್ರಿತರಿಗಾಗಿ ಕಟ್ಟಿದ ಫರೀದಾಬಾದಿನಲ್ಲಿ ಹೊಸ ಬಾಳು ಕಟ್ಟಿಕೊಂಡರು.

ಒಂದೇ ಪಶ್ತೂನ್ ನೆಲದಲ್ಲಿ, ಒಂದೇ ಕಾಲದಲ್ಲಿ, ಒಂದೇ ಸರಕಾರದ ವಿರುದ್ಧ ಎರಡು ದಾರಿಗಳು ತೆರೆದಿದ್ದವು ಎಂಬುದು ಗಮನಾರ್ಹ. ಗಫಾರ್ ಖಾನರು ಬಂದೂಕು ಕೆಳಗಿಡಿಸಿ ಖುದಾಯಿ ಖಿದ್ಮತ್‌ಗಾರರ ಅಹಿಂಸಾ ಪಡೆ ಕಟ್ಟಿದರು. ಫಕೀರ ಬಂದೂಕನ್ನೇ ನಂಬಿದ. ಶಾಲೆ ಕಟ್ಟುವುದಕ್ಕೆ, ಸಭೆ ನಡೆಸುವುದಕ್ಕೆ ಪೇಶಾವರ ಕಣಿವೆಯಲ್ಲಿ ಅಲ್ಪಸ್ವಲ್ಪವಾದರೂ ಅವಕಾಶವಿತ್ತು. ವಜೀರಿಸ್ತಾನದ ಹಳ್ಳಿಗೆ ಸರಕಾರದ ಪರಿಚಯವಾಗಿದ್ದುದು ದಂಡ, ಭತ್ಯೆ ಮತ್ತು ಬಾಂಬುಗಳ ರೂಪದಲ್ಲಿ ಮಾತ್ರ. ಫಕೀರನ ದಾರಿಗೆ ಇದು ಸಮರ್ಥನೆಯಲ್ಲ, ಆದರೆ ಕಾರಣಗಳಲ್ಲಿ ಒಂದು.

ಗುರ್ವೇಕಿನ ಗುಹೆ

ಹೋದಲ್ಲೆಲ್ಲ ಆಶ್ರಯ ಕೊಟ್ಟ ಹಳ್ಳಿಗೆ ಬಾಂಬು ಬೀಳುತ್ತಿದ್ದುದರಿಂದ ಫಕೀರ ಸತತವಾಗಿ ಸ್ಥಳ ಬದಲಿಸುತ್ತಿದ್ದ. 1938ರ ಹೊತ್ತಿಗೆ ಆತ ಡ್ಯೂರಾಂಡ್ ರೇಖೆಗೆ ತೀರ ಸಮೀಪದ ಗುರ್ವೇಕ್ ಎಂಬ ದುರ್ಗಮ ಗ್ರಾಮವನ್ನು ಸೇರಿದ. ಅಲ್ಲಿನ ಬಂಡೆಗಳಲ್ಲಿದ್ದ ಗುಹೆಗಳೇ ಆತನ ವಾಸದ ಮನೆ, ಪ್ರಾರ್ಥನಾಲಯ, ಉಗ್ರಾಣ, ಶಸ್ತ್ರಾಗಾರ. ಬಾಂಬುಗಳಿಗೆ ಬಂಡೆ ಜಗ್ಗಲಿಲ್ಲ. ಪರಿಸ್ಥಿತಿ ಕೈಮೀರಿದರೆ ಗೆರೆಯಾಚೆಗೆ ಸರಿಯುವ ಅವಕಾಶವೂ ಇತ್ತು. ಅಫ್ಘಾನ್ ನೆಲಕ್ಕೆ ಬ್ರಿಟಿಷ್ ಸೈನ್ಯ ಕಾಲಿಡುವಂತಿರಲಿಲ್ಲ. ಸಾಮ್ರಾಜ್ಯ ತನ್ನ ರಕ್ಷಣೆಗೆಂದು ಎಳೆದ ಗೆರೆ ಕಡೆಗೆ ಅದರ ವೈರಿಯನ್ನೇ ಕಾಯಿತು.

ಮಹಾಯುದ್ಧ ಬಂದಾಗ ಗುರ್ವೇಕಿನ ಬೆಲೆ ಹೆಚ್ಚಿತು. ಕಾಬೂಲಿನಲ್ಲಿದ್ದ ಇಟಲಿ ಮತ್ತು ಜರ್ಮನಿಯ ರಾಯಭಾರ ಕಚೇರಿಗಳಿಗೆ ಬ್ರಿಟಿಷರನ್ನು ಗಡಿಯಲ್ಲಿ ಕಟ್ಟಿಹಾಕಲು ಇವನಿಗಿಂತ ಯೋಗ್ಯ ಮನುಷ್ಯ ಕಾಣಲಿಲ್ಲ. 1941ರಲ್ಲಿ ಇಟಲಿಯ ರಾಜತಂತ್ರಜ್ಞ ಎನ್ರಿಕೊ ಅಂಜಿಲೊಟ್ಟಿ ವೇಷ ಮರೆಸಿಕೊಂಡು ಗುಡ್ಡ ಹತ್ತಿ ಆತನನ್ನು ಕಂಡ. ಹಣದ ನೆರವು ಬಂತು. ಆದರೆ ಅಕ್ಷರಾಷ್ಟ್ರಗಳು ಬಯಸಿದಂಥ ಮಹಾದಂಗೆ ಏಳಲಿಲ್ಲ. ರೋಮ್ ಮತ್ತು ಬರ್ಲಿನ್‌ಗಳ ಯುದ್ಧ ಅವರದು. ಗುರ್ವೇಕಿನ ಯುದ್ಧ ತನ್ನ ಗುಡ್ಡದ ಸ್ವಾತಂತ್ರ್ಯಕ್ಕಾಗಿ ಎಂಬ ಧೋರಣೆಯನ್ನು ಫಕೀರ ಬಿಡಲಿಲ್ಲ.

ಹೊಸ ರಾಜ್ಯ, ಹಳೆಯ ಹಟ

1947ರಲ್ಲಿ ಪಾಕಿಸ್ತಾನ ಉದಯಿಸಿತು. ಇಸ್ಲಾಮಿನ ಹೆಸರಿನಲ್ಲಿ ಹೋರಾಡಿದ ಫಕೀರ ಮುಸ್ಲಿಂ ರಾಷ್ಟ್ರವನ್ನು ಸ್ವಾಗತಿಸುವನೆಂದು ಹಲವರು ಭಾವಿಸಿದ್ದರು. ಆತ ಒಪ್ಪಲಿಲ್ಲ. ಪಶ್ತೂನರಿಗೆ ಪಶ್ತೂನಿಸ್ತಾನವೇ ಬೇಕೆಂದ. ಹೊಸ ಸರಕಾರ ಅದೇ ವರ್ಷದ ಕೊನೆಯಲ್ಲಿ ರಜ್ಮಕ್ಕಿನ ದೊಡ್ಡ ದಂಡನ್ನು ತೆರವು ಮಾಡಿತು. ಗುಡ್ಡಗಾಡಿನ ಬಹುತೇಕ ಮುಖಂಡರು ಅದರೊಂದಿಗೆ ರಾಜಿಯಾದರು. ಪರಕೀಯರ ದಂಡು ಹೋದ ಮೇಲೆ ಕೋವಿ ಎತ್ತಲು ಕಾರಣವಾದರೂ ಏನೆಂದು ಅನೇಕ ಹಳ್ಳಿಗಳು ಕೇಳತೊಡಗಿದವು.

ಆದರೂ ಆತನ ಹೆಸರಿಗೆ ಭಯ ಉಳಿದಿತ್ತು. 1948ರಲ್ಲಿ ಗಫಾರ್ ಖಾನರನ್ನು ಬಂಧಿಸಿದಾಗ ಇಪಿಯ ಫಕೀರನೊಡನೆ ಸೇರಿ ಸಂಚು ಹೂಡಿದರೆಂಬುದು ಅವರ ಮೇಲಿನ ಆರೋಪಗಳಲ್ಲೊಂದಾಗಿತ್ತು. ಬದುಕಿನುದ್ದಕ್ಕೂ ಎರಡು ದಿಕ್ಕಿಗೆ ನಡೆದವರನ್ನು ಸರಕಾರ ಒಂದೇ ಹಗ್ಗದಲ್ಲಿ ಕಟ್ಟಿತು. 1949ರ ಜೂನ್‌ನಲ್ಲಿ ಪಾಕಿಸ್ತಾನದ ವಿಮಾನವೊಂದು ಗೆರೆಯಾಚೆಯ ಮುಘಲ್‌ಗೈ ಗ್ರಾಮದ ಮೇಲೆ ಬಾಂಬು ಹಾಕಿತು. ಕಾಬೂಲು ಕೆರಳಿತು. ಡ್ಯೂರಾಂಡ್ ರೇಖೆಯ ಒಪ್ಪಂದಗಳು ತಮಗೆ ಬಂಧನಕಾರಿಯಲ್ಲವೆಂದು ಅಫ್ಘಾನಿಸ್ತಾನದ ಲೋಯಾ ಜಿರ್ಗಾ ಅದೇ ವರ್ಷ ಘೋಷಿಸಿತು. ಮುಂದೆ ಗುರ್ವೇಕಿನಲ್ಲಿ ಸಭೆ ಸೇರಿದ ಬೆಂಬಲಿಗರು ಫಕೀರನನ್ನು ಪಶ್ತೂನಿಸ್ತಾನದ ಅಧ್ಯಕ್ಷನೆಂದು ಸಾರಿದರು. ಆ ರಾಷ್ಟ್ರಕ್ಕೆ ಅಂಚೆಯಿಲ್ಲ, ನಾಣ್ಯವಿಲ್ಲ, ಗುಹೆಗಳ ಸುತ್ತಣ ಗುಡ್ಡಗಳ ಹೊರತು ನೆಲವೂ ಇಲ್ಲ.

ಕಾಬೂಲಿನ ಸರಕಾರ ಅಗತ್ಯ ಬಿದ್ದಾಗ ಆತನನ್ನು ಹೊಗಳಿತು, ನೆರವಾಯಿತು. ಆದರೆ ಆತನಿಗಾಗಿ ಯುದ್ಧಕ್ಕಿಳಿಯಲಿಲ್ಲ. ಸುತ್ತಲಿನವರು ಒಬ್ಬೊಬ್ಬರಾಗಿ ಕಳಚಿಕೊಂಡರು. 1954ರಲ್ಲಿ ಆತನ ಬಲಗೈಯಂತಿದ್ದ ಮೆಹರ್ ದಿಲ್ ಖಟಕ್ ಪಾಕಿಸ್ತಾನಕ್ಕೆ ಶರಣಾದ. ಉಬ್ಬಸ ರೋಗ ಉಲ್ಬಣಿಸಿ ಫಕೀರನ ಓಡಾಟ ಕುಗ್ಗಿತು. 1960ರ ಏಪ್ರಿಲ್ 16ರಂದು ಗುರ್ವೇಕಿನಲ್ಲಿಯೇ ಆತ ಕೊನೆಯುಸಿರೆಳೆದ. ಎರಡು ಸರಕಾರಗಳಿಗೂ ಕೈಗೆ ಸಿಗದೆ, ಯಾರೊಡನೆಯೂ ರಾಜಿಯಾಗದೆ ಹಾಸಿಗೆಯ ಮೇಲೆ ಸತ್ತ ಈ ಹಳೆಯ ವೈರಿಯ ಬಗ್ಗೆ ಲಂಡನ್ನಿನ ದಿ ಟೈಮ್ಸ್ ಪತ್ರಿಕೆ ಗೌರವದಿಂದಲೇ ಬರೆಯಿತು. ಗುರ್ವೇಕಿನ ನೆಲದಲ್ಲಿಯೇ ಆತನ ಸಮಾಧಿಯಾಯಿತು.

ರಸ್ತೆಗೊಂದು ಹೆಸರು

ಇಂದು ಪಾಕಿಸ್ತಾನದ ರಾಜಧಾನಿ ಇಸ್ಲಾಮಾಬಾದಿನಲ್ಲಿ ಫಕೀರ್ ಐಪಿ ರಸ್ತೆ ಎಂಬ ಹೆಸರಿನ ಮಾರ್ಗವಿದೆ. ಬದುಕಿದ್ದಾಗ ಆತ ಯಾವ ರಾಜ್ಯವನ್ನು ಒಪ್ಪಲಿಲ್ಲವೋ ಅದೇ ರಾಜ್ಯ ಆತನನ್ನು ಬ್ರಿಟಿಷರ ವಿರುದ್ಧ ಹೋರಾಡಿದ ವೀರನೆಂದು ನೆನೆಯುತ್ತಿದೆ. ಬದುಕಿನ ಮೊದಲ ಭಾಗವನ್ನು ಮೆರೆಸಿ ಉಳಿದರ್ಧವನ್ನು ಮರೆಯುವುದು ಎಲ್ಲ ಸರಕಾರಗಳಿಗೂ ಅನುಕೂಲವೇ.

ಆತನ ಹಳ್ಳಿಗಳ ಪಾಡು ಮಾತ್ರ ಬಹುಕಾಲ ಬದಲಾಗಲಿಲ್ಲ. ಬ್ರಿಟಿಷರು 1901ರಲ್ಲಿ ತಂದ, ಒಬ್ಬನ ತಪ್ಪಿಗೆ ಕುಲವನ್ನೆಲ್ಲ ದಂಡಿಸುವ ಕಾನೂನು ಸ್ವತಂತ್ರ ಪಾಕಿಸ್ತಾನದಲ್ಲಿಯೂ 2018ರವರೆಗೆ ಜಾರಿಯಲ್ಲಿತ್ತು. ಆ ವರ್ಷ ಬುಡಕಟ್ಟು ಪ್ರದೇಶಗಳು ಖೈಬರ್ ಪಖ್ತೂನ್‌ಖ್ವಾ ಪ್ರಾಂತದಲ್ಲಿ ವಿಲೀನಗೊಂಡವು. 2014ರಲ್ಲಿ ಉಗ್ರರ ವಿರುದ್ಧ ಉತ್ತರ ವಜೀರಿಸ್ತಾನದಲ್ಲಿ ಪಾಕಿಸ್ತಾನದ ಸೈನ್ಯ ಕಾರ್ಯಾಚರಣೆ ಕೈಗೊಂಡಾಗ ಮೀರ್ ಅಲಿಯ ಸುತ್ತಮುತ್ತಲಿನ ಹಳ್ಳಿಗಳು ಬರಿದಾದವು. ಲಕ್ಷಾಂತರ ಜನ ಹಿಂದಿನಂತೆಯೇ ಬನ್ನು ಬಯಲಿಗೆ ಇಳಿದರು; ಸಾವಿರಾರು ಜನ ಗೆರೆ ದಾಟಿ ಅಫ್ಘಾನಿಸ್ತಾನದ ಖೋಸ್ತ್ ಸೇರಿದರು. 2017ರಿಂದ ಪಾಕಿಸ್ತಾನ ಆ ಗೆರೆಯುದ್ದಕ್ಕೂ ತಂತಿಬೇಲಿ ಹಾಕತೊಡಗಿತು. 2021ರಲ್ಲಿ ಕಾಬೂಲಿನ ಅಧಿಕಾರ ಹಿಡಿದ ತಾಲಿಬಾನರು ಸಹ ಡ್ಯೂರಾಂಡ್ ರೇಖೆಯನ್ನು ಅಂತಾರಾಷ್ಟ್ರೀಯ ಗಡಿಯೆಂದು ಮಾನ್ಯ ಮಾಡಿಲ್ಲ.

ಫಕೀರ ಸಂತನೋ ಬಂಡುಕೋರನೋ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಬನ್ನುವಿನಿಂದ ಫರೀದಾಬಾದಿಗೆ ಬಂದ ಕುಟುಂಬದವರು ಒಂದು ಉತ್ತರ ಕೊಟ್ಟಾರು, ಗುರ್ವೇಕಿನ ಸಮಾಧಿಗೆ ಕೈಮುಗಿಯುವವರು ಇನ್ನೊಂದು. ಆದರೆ ಆತನಿಗೆ ಆಶ್ರಯ ಕೊಟ್ಟು ಮನೆ ಕಳೆದುಕೊಂಡ ಹಳ್ಳಿಗರನ್ನು ಈ ಚರ್ಚೆಗೆ ಯಾರೂ ಕರೆದಿಲ್ಲ. ಅವರ ಹೆಸರಿನಲ್ಲಿ ಯಾವ ರಾಜಧಾನಿಯಲ್ಲೂ ರಸ್ತೆಯಿಲ್ಲ. ಇಪಿಯ ಫಕೀರನ ಚರಿತ್ರೆಯನ್ನು ಓದುವಾಗ ಆ ಗುಹೆಗಳಲ್ಲಿ ಹಗಲು ಕಳೆದು, ಇರುಳಲ್ಲಿ ಗೋಧಿ ಬಿತ್ತಿದವರನ್ನೂ ನೆನೆಯುವುದು ನ್ಯಾಯ.